ಮನೆ ತಪ್ಪಿ ಬಂದ ತಪ್ಪೊಪ್ಪಿಗೆ

ಐವತ್ತೆಂಟು ವರ್ಷದ ಹೆಂಗಸಿನ ಮೇಲೆ ಹಾದರದ ಮಾತು ಬಂದರೆ ಯಾರಾದರೂ ನಂಬುತ್ತಾರೆಯೇ? ನಮ್ಮೂರು ನಂಬಿತು ಮಾರಾಯರೇ, ಊರಿಗೆ ಊರೇ ನಂಬಿತು. ಇದರಲ್ಲಿ ಊರಿನ ತಪ್ಪೇನೂ ಇಲ್ಲ. ತಲಿತಾ ತನ್ನ ಬಾಯಾರೆ ಒಪ್ಪಿಕೊಂಡ ಮೇಲೆ ಊರಾದರೂ ಏನು ಮಾಡೀತು?

ಅದು ಶನಿವಾರ. ಕೋಳಿ ಇನ್ನೂ ಸರಿಯಾಗಿ ಕೂಗಿರಲಿಲ್ಲ. ತಲಿತಾ ಕೋಕೋ ಕಾಯಿಸಲೆಂದು ಎದ್ದು, ಕೂದಲನ್ನು ನೆತ್ತಿಯ ಮೇಲೆ ಗಂಟು ಹಾಕಿಕೊಂಡು, ರಸ್ತೆಯ ಕಡೆಯ ತೆಂಗಿನಗರಿಯ ತಟ್ಟಿಯನ್ನು ಮೇಲಕ್ಕೆತ್ತಿ ಕಟ್ಟಿದಳು. ಕಟ್ಟಿದವಳು ಹಾಗೆಯೇ ನಿಂತುಬಿಟ್ಟಳು. ಎದುರಿನ ಹುಲ್ಲಿನ ಮೇಲೆ ಹತ್ತು ಹನ್ನೆರಡು ಜನ ತಲೆ ಬಾಗಿಸಿ ಕೂತಿದ್ದರು. ಎಲ್ಲರಿಗಿಂತ ಮುಂದೆ ಕೂತವನ ಮೇಲೆ ನವಿರಾಗಿ ಹೆಣೆದ ದೊಡ್ಡದೊಂದು ಚಾಪೆ ಮುಸುಕಿನಂತೆ ಇಳಿಬಿದ್ದಿತ್ತು. ಅದರ ಅಂಚಿನ ಕೆಂಪು ಗರಿಗಳು ಗಾಳಿಗೆ ಅಲುಗುತ್ತಿದ್ದವು. ಅವನ ಮುಂದೆ ಒಂದು ಹೊರೆ ಸೌದೆ, ಕಾಯಿಸಿ ಅಡುಗೆ ಬೇಯಿಸುವ ಒಲೆಗಲ್ಲುಗಳು, ಒಂದಿಷ್ಟು ಬಾಳೆಲೆ ಇದ್ದವು.

"ಮುದುಕಾ, ಏಳು! ಇಫೋಗಾ ಬಂದಿದೆ ನಮ್ಮನೆಗೆ!"

ಫಲಾನಿಕೋ ಹಾಸಿಗೆಯಿಂದಲೇ ಕೇಳಿದ. "ನಮ್ಮನೆಗಾ? ನಮಗೆ ಯಾರೇನು ಮಾಡಿದ್ರು? ಹಂದಿ ಎಲ್ಲಾ ಇದಾವಾ, ನೋಡಿದ್ಯಾ?"

ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಇಫೋಗಾ ಎಂದರೆ ನಮ್ಮ ದ್ವೀಪದಲ್ಲಿ ಕುಲವೇ ಬಂದು ಕ್ಷಮೆ ಕೇಳುವ ವಿಧಿ, ಸಣ್ಣ ಸಂಗತಿಗೆ ಕೂರುವಂಥದ್ದಲ್ಲ. ಕೊಲೆಯಾಗಿರಬೇಕು, ರಕ್ತ ಹರಿದಿರಬೇಕು, ಇಲ್ಲವೇ ಮನೆಯ ಹೆಣ್ಣಿನ ವಿಷಯವಾಗಿರಬೇಕು. ಆಗ ತಪ್ಪು ಮಾಡಿದವನ ಕುಲದ ಹಿರಿಯ ಬೆಳಕು ಹರಿಯುವ ಮುಂಚೆ ಬಂದು, ಮನೆತನದ ಅತಿ ಹಳೆಯ ಚಾಪೆಯನ್ನು ಹೊದ್ದು, ನೊಂದವರ ಮನೆಯೆದುರು ಕೂರುತ್ತಾನೆ. ಸೌದೆ, ಕಲ್ಲು, ಎಲೆಗಳನ್ನು ಅವನೇ ತಂದಿರುತ್ತಾನೆ. ಬೇಕಿದ್ದರೆ ನಮ್ಮನ್ನೇ ಹಂದಿಯ ಹಾಗೆ ಬೇಯಿಸಿಕೊಳ್ಳಿ ಎಂದು ಅದರ ಅರ್ಥ. ಮನೆಯ ಯಜಮಾನ ಬಂದು ಚಾಪೆ ಎತ್ತಿದರೆ ತಪ್ಪು ತೀರಿತು. ಎತ್ತದಿದ್ದರೆ ಬಿಸಿಲು ನೆತ್ತಿಗೇರಿದರೂ, ಮನೆಯ ಗಂಡಸರು ಮಚ್ಚು ಹಿಡಿದು ಬಂದರೂ, ಒಳಗಿರುವವನು ಅಲುಗಾಡುವಂತಿಲ್ಲ.

ನಮ್ಮ ಮನೆಗಳಿಗೆ ಗೋಡೆಯಿಲ್ಲ, ಸುದ್ದಿಗೆ ಬಾಗಿಲು ತಟ್ಟುವ ಕೆಲಸವಿಲ್ಲ. ಫಲಾನಿಕೋ ಲುಂಗಿ ಸುತ್ತಿಕೊಂಡು, ಊರುಗೋಲು ಹುಡುಕಿ, ಹೊರಗೆ ಬರುವಷ್ಟರಲ್ಲಿ ಅರ್ಧ ಊರು ಅಲ್ಲಿತ್ತು. ಮಗ್ಗುಲ ಮನೆಯಿಂದ ಸೆತೆಫಾನೋ ಮಚ್ಚು ಹಿಡಿದೇ ಓಡಿಬಂದ. ಇವನು ಫಲಾನಿಕೋನ ತಮ್ಮನ ಮಗ. ತಮ್ಮ ಸಮುದ್ರದ ಪಾಲಾದ ಮೇಲೆ ತಲಿತಾಳೇ ಎತ್ತಿ ಆಡಿಸಿ ಬೆಳೆಸಿದ ಹುಡುಗ. ಮನಸ್ಸು ಬೆಣ್ಣೆ, ಸಿಟ್ಟು ಮಾತ್ರ ಸೈತಾನನದು. ಹಿಂದೊಮ್ಮೆ ನಾಯಿಯ ಜಗಳಕ್ಕೆ ಪಕ್ಕದೂರಿನವನೊಬ್ಬನ ತೋಳಿನ ಮೂಳೆ ಕಾಣುವ ಹಾಗೆ ಕಡಿದಿದ್ದ. ಅವತ್ತು ಅವನಿಗಾಗಿ ಇಫೋಗಾ ಕೂತವನು ಇದೇ ಫಲಾನಿಕೋ.

ಚಾಪೆಯೊಳಗಿನಿಂದ ಮುದಿ ದನಿಯೊಂದು ಎದ್ದಿತು.

"ಈ ಮನೆಯ ಯಜಮಾನರೇ, ನಾನು ಅಸೋವಾ, ಗುಡ್ಡದಾಚೆ ಊರಿನವನು. ನಮ್ಮ ಹುಡುಗ ಯೆಲೆಮಿಯಾ ನಿಮ್ಮೂರ ಚರ್ಚಿನ ಚಾವಣಿ ಹೊದಿಸೋಕೆ ಬಡಗಿಗಳ ಜೊತೆ ಬಂದಿದ್ನಲ್ಲ, ಅವನು ನಿಮ್ಮ ಊಟ ಉಂಡು, ಈ ಮನೆಯ ಹೆಂಡತಿಯನ್ನೇ ಮುಟ್ಟಿದ. ನ್ಯೂಜಿಲೆಂಡಿಗೆ ಸೇಬು ಕೀಳೋಕೆ ಹೋಗೋ ಮುಂಚೆ ನನ್ನ ಕಾಲು ಹಿಡ್ಕೊಂಡು ಅತ್ತು ಹೇಳಿಹೋದ. ಹೆಂಗಸಿನ ಹೆಸರು ನಾನೆತ್ತಲ್ಲ, ಅದು ಮರ್ಯಾದೆಯಲ್ಲ. ಚರ್ಚಿನ ಎದುರಿನ ಕೆಂಪು ತಗಡಿನ ಮನೆ ಅಂದ, ಬಂದು ಕೂತಿದ್ದೀನಿ. ತಪ್ಪು ಹೊಟ್ಟೆಗೆ ಹಾಕ್ಕೊಳ್ಳಿ. ಇಲ್ಲಾ ಅಂದ್ರೆ ಇಗೋ ಸೌದೆ, ಇಗೋ ಕಲ್ಲು."

ನೆರೆದ ಊರಿನವರ ಹಿಂದಿನ ಸಾಲಿನಲ್ಲಿ ಯಾವಳೋ ಕಿಸಕ್ಕನೆ ನಕ್ಕಳು.

ತಲಿತಾಳಿಗೂ ಮೊದಲು ಬಂದದ್ದು ನಗುವೇ. ಯೆಲೆಮಿಯಾ! ಇಪ್ಪತ್ನಾಲ್ಕರ ಹುಡುಗ! ಬಡಗಿಗಳಿಗೆಲ್ಲ ದಿನಾ ಅಡುಗೆ ಮಾಡಿ ಹಾಕಿದವಳು ತಾನೇ, ನಿಜ. ತೆಂಗಿನಹಾಲು ಹುಯ್ದು ಸುಟ್ಟ ಕೆಸುವಿನೆಲೆಯ ಪಲುಸಾಮಿಯನ್ನು ಅವನು ಬೆರಳು ನೆಕ್ಕಿ ತಿನ್ನುತ್ತಿದ್ದದ್ದೂ ನಿಜ. ಅದಕ್ಕೆ ಇದು! ನಗು ಬಾಯಿಗೆ ಬರುವಷ್ಟರಲ್ಲಿ ಅವಳ ಕಣ್ಣು ಅಡುಗೆಮನೆಯ ಕಂಬದ ಕಡೆ ಹೋಯಿತು. ಅಲ್ಲಿ ಸೆತೆಫಾನೋನ ಹೆಂಡತಿ ಲೋಸಾ ತಗಡಿನ ಬೋಗುಣಿ ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

ತಲಿತಾಳಿಗೆ ಆಗ ಹೊಳೆಯಿತು. ಚರ್ಚಿನ ಕೆಲಸ ನಡೆಯುವಾಗ ಈ ಕೆಂಪು ತಗಡಿನ ಮನೆಯಲ್ಲಿ ಇದ್ದವರು ಸೆತೆಫಾನೋ ಮತ್ತು ಲೋಸಾ. ಫಲಾನಿಕೋನ ಮನೆ ಆಗ ಮಗ್ಗುಲಿನ ಎತ್ತರದ ಕಲ್ಲುಕಟ್ಟೆಯ ಮೇಲಿನದು. ಅವನ ಮೊಣಕಾಲು ಮೆಟ್ಟಿಲು ಹತ್ತಲಾರೆ ಎಂದು ಹಟ ಹಿಡಿದ ಮೇಲೆ, ಎರಡು ಸಂಸಾರದವರೂ ಮನೆ ಅದಲುಬದಲು ಮಾಡಿಕೊಂಡಿದ್ದರು. ಅಷ್ಟರಲ್ಲಿ ಬಡಗಿಗಳು ಊರು ಬಿಟ್ಟಾಗಿತ್ತು. ಯೆಲೆಮಿಯಾನಿಗೆ ಇದೆಲ್ಲ ಹೇಗೆ ಗೊತ್ತಿರಬೇಕು? ಬಾಳೆಗಿಡಗಳ ಹಿಂದೆ ಅವನನ್ನೂ ಲೋಸಾಳನ್ನೂ ಒಮ್ಮೆ ಒಟ್ಟಿಗೆ ಕಂಡು, ಅವಳ ಕಿವಿ ಹಿಂಡಿ, ಇನ್ನು ಮೇಲೆ ಇಲ್ಲ ಎಂದು ಆಣೆ ಮಾಡಿಸಿದ್ದಳು ತಲಿತಾ. ಮುಗಿಯಿತು ಅಂದುಕೊಂಡಿದ್ದಳು. ಸಾಯಲಿ, ಈ ಹುಡುಗನಿಗೆ ಈಗ ಪಶ್ಚಾತ್ತಾಪ ಬರಬೇಕಿತ್ತೇ!

ಅವಳು ಸೆತೆಫಾನೋನನ್ನು ನೋಡಿದಳು. ದೊಡ್ಡಪ್ಪನ ಪರವಾಗಿ ಮಚ್ಚು ಹಿಡಿದು ನಿಂತಿದ್ದಾನೆ. ಆದರೆ ಅವನ ಹುಬ್ಬು ಗಂಟಿಕ್ಕುತ್ತಿದೆ. ತುಟಿ ಅಲುಗುತ್ತಿದೆ.

"ಚರ್ಚಿನ ಕೆಲಸ ನಡೀವಾಗ..." ಅಂದ ಅವನು, ಯಾರಿಗೂ ಅಲ್ಲ, ತನಗೇ. "ಈ ಮನೇಲಿ ಆವಾಗ..."

ಇನ್ನು ಎರಡು ಮಾತು ಯೋಚಿಸಿದರೆ ಅವನು ತಿರುಗಿ ಅಡುಗೆಮನೆಯ ಕಡೆ ನೋಡುತ್ತಾನೆ. ನೋಡಿದರೆ ಲೋಸಾಳ ಮುಖ ಎಲ್ಲವನ್ನೂ ಹೇಳುತ್ತದೆ. ಆಮೇಲೆ ಆ ಮಚ್ಚನ್ನು ತಡೆಯುವವರು ಯಾರೂ ಇಲ್ಲ. ಯೋಚಿಸುತ್ತಾ ಕೂರಲು ತಲಿತಾಳಿಗೆ ಪುರುಸೊತ್ತಿರಲಿಲ್ಲ. ಅವಳು ಧಡಕ್ಕನೆ ಗಂಡನ ಕಾಲ ಬಳಿ ಕೂತಳು.

"ತಪ್ಪಾಯ್ತು ಮುದುಕಾ. ನನ್ನಿಂದಾನೇ ತಪ್ಪಾಯ್ತು. ಆ ಅಜ್ಜನ್ನ ಬಿಸಿಲಿಗೆ ಬಿಡ್ಬೇಡ. ಎತ್ತು."

ಊರು 'ಆಹ್' ಎಂದಿತು. ಸೆತೆಫಾನೋನ ಯೋಚನೆ ಅಲ್ಲಿಗೇ ತುಂಡಾಯಿತು. ಅವನು ಬಾಯಿ ತೆರೆದು ದೊಡ್ಡಮ್ಮನನ್ನೇ ನೋಡಿದ.

ಫಲಾನಿಕೋ ಕೂಡ ನೋಡಿದ. ಮೂವತ್ತಾರು ವರ್ಷ ಸಂಸಾರ ಮಾಡಿದವಳು. ಕೆಸುವಿನ ಗಡ್ಡೆ ಹಸಿ ಉಳಿದರೆ ಹಸಿ ಎಂದವಳು, ಇವನ ದನಿ ಚೆನ್ನಾಗಿಲ್ಲದ ದಿನ ಚರ್ಚಿನಲ್ಲೇ 'ಸುಮ್ಮನಿರು' ಎಂದವಳು. ಆ ಬಾಯಿ ಒಂದು ದಿನಕ್ಕೂ ಸುಳ್ಳು ಹೇಳಿದ್ದಿಲ್ಲ. ಅದು ಹೇಳಿದ ಮೊದಲ ಸುಳ್ಳನ್ನು ಅವನು ಹಾಗೆಯೇ ನಂಬಿಬಿಟ್ಟ. ಅವನ ಮುಖ ಸಣ್ಣದಾಗುತ್ತಾ ಹೋಗುವುದನ್ನು ತಲಿತಾ ಕಣ್ಣಾರೆ ಕಂಡಳು. ಅಯ್ಯೋ, ನಂಬಬೇಡವೋ ಮುಟ್ಠಾಳ ಎಂದು ಅವಳ ಕರುಳು ಕೂಗಿತು.

"ಎತ್ಬೇಡ ದೊಡ್ಡಪ್ಪಾ!" ಸೆತೆಫಾನೋ ಮುಂದೆ ನುಗ್ಗಿದ. "ಹ್ಞೂಂ ಅನ್ನು, ಚಾಪೆ ಸಮೇತ ಸೀಳಿಹಾಕ್ತೀನಿ."

"ಆಚೆ ಸರಿ." ಫಲಾನಿಕೋನ ದನಿ ಮೆತ್ತಗಿತ್ತು. "ನಿನಗೋಸ್ಕರ ಒಂದ್ಸಲ ನಾನೂ ಇದರೊಳಗೆ ಕೂತಿದ್ದೆ ಕಣೋ. ಉಸಿರು ಕಟ್ಟುತ್ತೆ ಒಳಗೆ."

ಅವನು ಕುಂಟುತ್ತಾ ಹೋಗಿ, ಊರುಗೋಲನ್ನು ಹುಲ್ಲಿನ ಮೇಲೆ ಹಾಕಿ, ಎರಡೂ ಕೈಯಿಂದ ಚಾಪೆ ಎತ್ತಿದ. ಒಳಗಿದ್ದ ಅಸೋವಾನ ಮುಖ ಬೆವರಿ ತೊಯ್ದಿತ್ತು. ಅವನು ಫಲಾನಿಕೋನ ಕೈಹಿಡಿದು ಅತ್ತ. ಅತ್ತು ಮುಗಿಸಿ, ಹುಡುಗನ ತಲೆ ಕೆಡಿಸಿದ ಹೆಂಡತಿ ಯಾರೆಂದು ಮನೆಯ ಕಡೆ ಕಣ್ಣು ಹಾಯಿಸಿದ. ತಲಿತಾಳನ್ನು ನೋಡಿದ. ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದ. ಪಾಪ, ದೊಡ್ಡ ಮನುಷ್ಯ, ಏನೂ ಕೇಳಲಿಲ್ಲ. ತಲಿತಾಳೇ ಎದ್ದು ಹೋಗಿ ಅವರಿಗೆಲ್ಲ ಕೋಕೋ ಕಾಯಿಸಿ ಕೊಟ್ಟಳು.

ಅವರು ಹೋದ ಮೇಲೆ ಅವಳು ಗಂಡನ ಪಕ್ಕ ಬಂದು ಕೂತಳು. "ಕೇಳಿಲ್ಲಿ, ಒಂದು ಮಾತಿದೆ..."

ಫಲಾನಿಕೋ ಕೈಯೆತ್ತಿದ. "ಬೇಡ. ಎತ್ತಿದ ಚಾಪೆಯ ಮಾತು ಆಡಬಾರ್ದು ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಮುಗೀತು. ಊಟಕ್ಕೇನಿದೆ?"

ಅವತ್ತೇ ಗದರಿಸಿ ಹೇಳಬಹುದಿತ್ತು. ಆದರೆ ಇವನ ಮುಖವೇ ಡಂಗುರ. ಹೊಟ್ಟೆಯಲ್ಲಿದ್ದದ್ದು ಹುಬ್ಬಿನಲ್ಲಿ ಕಾಣುತ್ತದೆ. ಪಕ್ಕದ ಮನೆಯಲ್ಲಿ ಸೆತೆಫಾನೋ ಇನ್ನೂ ಕುದಿಯುತ್ತಿದ್ದಾನೆ. ಸ್ವಲ್ಪ ತಣ್ಣಗಾಗಲಿ ಎಂದು ತಲಿತಾ ಬಾಯಿಗೆ ಬೀಗ ಹಾಕಿಕೊಂಡಳು.

ಮಾತು ಆಡಬಾರದು ಎಂಬುದು ಗಂಡಸರ ಕಟ್ಟಳೆ. ನೀರಿನ ಕೊಳದ ಹತ್ತಿರ ಬಟ್ಟೆ ಒಗೆಯುವ ಹೆಂಗಸರಿಗೆ ಅದನ್ನು ಯಾರೂ ಹೇಳಿರಲಿಲ್ಲ.

"ಏನಕ್ಕಾ, ಪಲುಸಾಮಿಗೆ ಏನು ಬೆರೆಸಿದ್ದೆ? ನಮಗೂ ಹೇಳ್ಕೊಡು."

"ನನ್ನ ಗಂಡ ನಾನು ಮಾಡಿದ್ದು ತಿಂದ್ರೆ ನಿದ್ದೇನೇ ಮಾಡ್ತಾನೆ ಕಣಕ್ಕಾ!"

"ನಿನ್ನ ಕೈಯ ಉಪ್ಪು ಹಾಗಿದೆ," ಎನ್ನುತ್ತಿದ್ದಳು ತಲಿತಾ, ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತಾ. ಹೀಗೆ ಉತ್ತರ ಕೊಡುವುದು ಅವಳಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಚರ್ಚು. ಹೆಂಗಸರ ಹಾಡುವ ಗುಂಪಿಗೆ ಅವಳೇ ಮುಂದಾಳು. ಪಾದ್ರಿ ಮೆತ್ತಗೆ ಕರೆದು, ಒಂದು ವರ್ಷ ಹಿಂದಿನ ಬೆಂಚಿನಲ್ಲಿ ಕೂರಬೇಕು, ಹಾಡುವಂತಿಲ್ಲ, ಪ್ರಭುವಿನ ರೊಟ್ಟಿ ಮುಟ್ಟುವಂತಿಲ್ಲ ಎಂದ. ಭಾನುವಾರ ಬಿಳಿ ಉಡುಪು, ಬಿಳಿ ಹ್ಯಾಟು ತೊಟ್ಟು ಅವಳು ತಲೆಯೆತ್ತಿಕೊಂಡೇ ಹಿಂದಿನ ಬೆಂಚಿಗೆ ಹೋದಳು. ಹಾಡು ಶುರುವಾದಾಗ ತಾನಾಗಿ ತೆರೆದ ಬಾಯನ್ನು ಮುಚ್ಚಿಕೊಂಡಳು. ಆಗ ಮುಂದಿನ ಸಾಲಿನಲ್ಲಿ ಸಭೆಯ ಹಿರಿಯರ ಜೊತೆ ಕೂತಿದ್ದ ಫಲಾನಿಕೋ ಎದ್ದ. ಊರುಗೋಲು ಟಕ್ ಟಕ್ ಎನಿಸುತ್ತಾ, ಎಲ್ಲರೂ ನೋಡುತ್ತಿದ್ದಂತೆ, ಚರ್ಚಿನ ಉದ್ದಕ್ಕೂ ನಡೆದು ಬಂದು ಅವಳ ಪಕ್ಕ ಕೂತ.

"ಏ, ಎದ್ದು ಹೋಗು. ನಿನ್ನ ಜಾಗ ಅಲ್ಲಿ," ಎಂದಳು ಅವಳು ಹಲ್ಲು ಕಚ್ಚಿ.

"ಮತ್ತೆ ಅಷ್ಟು ದೂರ ನಡೀಬೇಕಾ? ಮೊಣಕಾಲು ನೋಯುತ್ತೆ."

ತಲಿತಾಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಇಂಥ ಗಂಡನಿಗೆ ತಾನು ಮೋಸ ಮಾಡಿದೆ ಎಂದು ಇಡೀ ಊರು ತಿಳಿದಿದೆ. ಊರು ಹಾಳಾಗಲಿ, ಅವನೇ ಹಾಗೆ ತಿಳಿದಿದ್ದಾನಲ್ಲ! ಒಂದು ಸಲವಾದರೂ 'ಛೆ, ಇವಳು ಅಂಥವಳಲ್ಲ' ಅನ್ನಿಸಬಾರದೇ?

ಲೋಸಾ ಒಂದು ಮಧ್ಯಾಹ್ನ ಅಡುಗೆಮನೆಗೆ ಬಂದು ಬಿಕ್ಕಿದಳು. "ದೊಡ್ಡಮ್ಮಾ, ನಾನೇ ಅವರಿಗೆ ಹೇಳ್ಬಿಡ್ತೀನಿ. ನೀವು ಯಾಕೆ ಅನುಭವಿಸ್ಬೇಕು?"

"ಹೇಳಿ? ಅವನು ನಿನ್ನ ಕಡಿದು ಜೈಲಿಗೆ ಹೋಗ್ಲಿ, ನಾನು ನಿಮ್ಮಿಬ್ಬರಿಗೂ ಅಳ್ತಾ ಕೂರ್ತೀನಿ, ಅದೇನಾ ನಿನ್ನಾಸೆ? ಬಾಯಿ ಮುಚ್ಚು ಕತ್ತೆ. ಅವನ ಜೊತೆ ಬಾಳೋಕೆ ಮನಸ್ಸಿದೆಯಾ?"

"ಇದೆ ದೊಡ್ಡಮ್ಮಾ. ದೇವರಾಣೆ."

"ಹಾಗಾದ್ರೆ ಬಾಳು. ಮೂಗು ಒರೆಸ್ಕೊಂಡು ಆ ತೆಂಗಿನಕಾಯಿ ತುರಿ."

ಇತ್ತ ಫಲಾನಿಕೋ ಬದಲಾಗತೊಡಗಿದ. ಮೊದಲು ಬಿಳಿ ಗಡ್ಡ ಹೋಯಿತು. ಆಮೇಲೆ ತಲೆಗೆ ಕೊಬ್ಬರಿ ಎಣ್ಣೆ ಬಂತು. ಭಾನುವಾರದ ಹೂವಿನ ಅಂಗಿಯನ್ನು ಮಂಗಳವಾರ ಹಾಕಿಕೊಂಡು ಕೂತ. ಒಂದು ಬೆಳಿಗ್ಗೆ ನೋಡಿದರೆ ಅವಳಿಗಿಂತ ಮೊದಲೇ ಎದ್ದು, ಹೊಗೆಯಲ್ಲಿ ಕೆಮ್ಮುತ್ತಾ ಕೋಕೋ ಕಾಯಿಸುತ್ತಿದ್ದಾನೆ! ತಲಿತಾಳಿಗೆ ಮೊದಮೊದಲು ತಮಾಷೆಯಾಗಿತ್ತು. ಆದರೆ ಪಲುಸಾಮಿ ಬಡಿಸಿದರೆ ಎಲೆಯನ್ನು ಪಕ್ಕಕ್ಕೆ ಸರಿಸುತ್ತಿದ್ದ. ಮಾತಿನ ನಡುವೆ ಸುಮ್ಮನಾಗಿ ಸಮುದ್ರ ನೋಡುತ್ತಿದ್ದ. ಅದನ್ನು ನೋಡಿದಾಗ ಅವಳಿಗೆ ತಮಾಷೆ ಉಳಿಯಲಿಲ್ಲ.

ಕಡೆಗೊಂದು ದಿನ ಇಬ್ಬರೂ ಕೆಸುವಿನ ಗದ್ದೆಗೆ ಹೋಗಿದ್ದರು. ಅವಳು ಗಡ್ಡೆ ಕಿತ್ತು ಮಣ್ಣು ಕೊಡವುತ್ತಿದ್ದಳು, ಅವನು ಕಲ್ಲಿನ ಮೇಲೆ ಕೂತು ದಂಟು ಕತ್ತರಿಸುತ್ತಿದ್ದ. ಇದ್ದಕ್ಕಿದ್ದಂತೆ ಕತ್ತರಿಸುವುದನ್ನು ನಿಲ್ಲಿಸಿದ.

"ಮುದುಕೀ, ಚಾಪೆಯ ಮಾತು ಎತ್ತಬಾರ್ದು, ಗೊತ್ತು. ಒಂದೇ ಒಂದು ಕೇಳ್ತೀನಿ, ಆಮೇಲೆ ಯಾವತ್ತೂ ಕೇಳಲ್ಲ."

"ಕೇಳು."

"ನನ್ನಲ್ಲಿ ಏನು ಕಮ್ಮಿಯಾಯ್ತು, ಹೇಳು. ಆ ಹುಡುಗನ ಮೇಲೆ ನಂಗೆ ಸಿಟ್ಟಿಲ್ಲ. ನಿನ್ನ ಮೇಲೂ ಇಲ್ಲ. ಏನು ಕಮ್ಮಿ ಅಂತ ತಿಳಿದ್ರೆ ಸರಿ ಮಾಡ್ಕೋತೀನಿ. ಇನ್ನೂ ಟೈಮಿದೆ ನಂಗೆ."

ತಲಿತಾಳ ಕೈಯಿಂದ ಗಡ್ಡೆ ಜಾರಿಬಿತ್ತು. ಇಷ್ಟು ದಿನ ಕಟ್ಟಿ ಹಿಡಿದದ್ದು ಒಂದೇ ಏಟಿಗೆ ಒಡೆಯಿತು. ಅವಳು ಮಣ್ಣಿನ ಕೈಯಲ್ಲೇ ಅವನ ಬೆನ್ನಿಗೆ ಗುದ್ದಿದಳು. ಗುದ್ದಿ ಅತ್ತಳು, ಅತ್ತು ಮತ್ತೆ ಗುದ್ದಿದಳು.

"ಕಮ್ಮಿ ಏನಂತೆ! ಬುದ್ಧಿ ಕಮ್ಮಿ ನಿಂಗೆ! ನಾನಲ್ಲ ಕಣೋ, ನಾನಲ್ಲ! ಚರ್ಚಿನ ಕೆಲಸ ನಡೀವಾಗ ಆ ಮನೇಲಿ ನಾವಿದ್ವಾ? ಹೇಳು, ಇದ್ವಾ?"

ಫಲಾನಿಕೋ ಹುಬ್ಬು ಗಂಟಿಕ್ಕಿ ಯೋಚಿಸಿದ. ಅವನಿಗೆ ಅರ್ಥವಾಗುವುದಕ್ಕೆ ಯಾವಾಗಲೂ ಸ್ವಲ್ಪ ಹೊತ್ತು ಬೇಕು. ಅರ್ಥವಾದಾಗ ಬಾಯಿಯಿಂದ "ಲೋಸಾ..." ಎಂದಷ್ಟೇ ಬಂತು. ಅವನ ಕಣ್ಣಲ್ಲಿ ನೀರು ತುಂಬಿ, ಬೋಳಿಸಿದ ಗಲ್ಲದ ಮೇಲೆ ಇಳಿಯಿತು.

"ಅಲ್ವೇ, ಹಾಗಾದ್ರೆ ನಾನು ಸುಮ್ಸುಮ್ನೆ ಕ್ಷಮಿಸಿದ್ನಾ?" ಎಂದ ಕೊನೆಗೆ. "ಎಷ್ಟು ಕಷ್ಟ ಆಯ್ತು ಗೊತ್ತಾ ನಂಗೆ? ಆ ಗಡ್ಡ ಬೆಳೆಸೋಕೆ ಎಷ್ಟು ವರ್ಷ ಬೇಕು ಗೊತ್ತಾ?"

ತಲಿತಾ ಅಳುತ್ತಲೇ ನಕ್ಕಳು. ಅವನೂ ನಕ್ಕ. ನಗುತ್ತಿದ್ದವನು ತಟ್ಟನೆ ಗಂಭೀರನಾದ. "ನಾನು ಮನೆತನದ ಯಜಮಾನ, ಚರ್ಚಿನ ಹಿರಿಯ. ಅವನು ನನ್ನ ತಮ್ಮನ ಮಗ. ಇದನ್ನ ಅವನಿಗೆ ಮುಚ್ಚಿಡ್ಲಾ?"

"ಅದಕ್ಕೇ ನಿಂಗೆ ಹೇಳಿರಲಿಲ್ಲ. ಈಗ ಹೇಳಿದ್ದೀನಿ. ಇನ್ನು ನಿನ್ನಿಷ್ಟ."

ಅವನು ಉತ್ತರ ಕೊಡುವ ಮೊದಲೇ ದಾರಿಯಲ್ಲಿ ಕಾಲ ಸಪ್ಪಳವಾಯಿತು. ಸೆತೆಫಾನೋ ಬುಟ್ಟಿ ಹೊತ್ತು ಬರುತ್ತಿದ್ದ. ದೊಡ್ಡಮ್ಮನ ಕಡೆ ಮುಖ ಕೂಡ ತಿರುಗಿಸದೆ ಬುಟ್ಟಿ ಇಳಿಸಿದ. ಅವತ್ತಿನಿಂದ ಅವಳ ಜೊತೆ ಅವನ ಮಾತು ನಿಂತಿತ್ತು. ಇಬ್ಬರ ಒದ್ದೆ ಕಣ್ಣು ಕಂಡು ಅವನ ಸಿಟ್ಟು ಮತ್ತೆ ಕೆರಳಿತು.

"ಇನ್ನೂ ಅಳ್ತಿದ್ದೀಯಾ ದೊಡ್ಡಪ್ಪಾ? ಅವತ್ತೇ ಹೇಳಿದೆ, ಎತ್ಬೇಡ ಅಂತ. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಆ ಮುದುಕನ್ನೂ ಬಿಡ್ತಿರ್ಲಿಲ್ಲ, ಹೆಂಡತೀನೂ ಬಿಡ್ತಿರ್ಲಿಲ್ಲ. ಈ ವಯಸ್ಸಲ್ಲಿ ಮೈಮೇಲೆ ನಾಚಿಕೆ ಇಲ್ದೇ..."

ಫಲಾನಿಕೋನ ಕೈ ಮೇಲೆದ್ದಿತು. ಈ ಬಾಯಿಗೆ ಅವಳು ತುತ್ತಿಟ್ಟಿದ್ದಳು. ಈ ಹುಡುಗನ ಮನೆ ಉಳಿಯಲೆಂದು ಅವಳು ಊರಿನ ಮುಂದೆ ಮಣ್ಣಿನಲ್ಲಿ ಕೂತಿದ್ದಳು. ತಲಿತಾ ತಲೆ ತಗ್ಗಿಸಿ ಗಡ್ಡೆಯ ಬೇರು ಕೀಳುತ್ತಾ ಇದ್ದಳು. ಮೇಲೆ ನೋಡುವ ಧೈರ್ಯ ಅವಳಿಗಿರಲಿಲ್ಲ.

ಎದ್ದ ಕೈ ಹೊಡೆಯಲಿಲ್ಲ. ಸೆತೆಫಾನೋನ ಹೆಗಲ ಮೇಲೆ ಕೂತಿತು.

"ಕೂತ್ಕೋ. ಹೌದು, ನಿನ್ನ ದೊಡ್ಡಮ್ಮ ತಪ್ಪು ಮಾಡಿದ್ಲು. ಊರೆಲ್ಲಾ ನೋಡಿತು. ನಾನು ಕ್ಷಮಿಸಿದೆ. ಸತ್ನಾ? ಉಣ್ತಿದ್ದೀನಿ, ಮಲಗ್ತಿದ್ದೀನಿ, ಅವಳ ಕೈಲಿ ಬೈಸ್ಕೋತಿದ್ದೀನಿ. ಮಚ್ಚು ಎತ್ತಿದ್ರೆ ನಂಗೇನು ಉಳೀತಿತ್ತು, ಹೇಳು? ಒಂದು ಖಾಲಿ ಮನೆ. ಇವಳಿಲ್ಲದ ಮನೇಲಿ ಬರೀ ಗೌರವ ಇಟ್ಕೊಂಡು ಏನು ಮಾಡ್ಲೋ ನಾನು?"

ಸೆತೆಫಾನೋ ನೆಲ ನೋಡುತ್ತಾ ಕೂತ.

"ನಾಳೆ ನಿನ್ನ ಮನೇಲೇ ಏನಾದ್ರೂ ಆಯ್ತು ಅಂತಿಟ್ಕೋ," ಎಂದ ಫಲಾನಿಕೋ, ದನಿ ಎಲ್ಲಿಯೂ ನಡುಗದಂತೆ. "ಮೊದ್ಲು ನನ್ನ ಹತ್ರ ಬಾ. ಮಚ್ಚು ಮನೇಲಿಟ್ಟು ಬಾ. ಹಾಗಂತ ಮಾತು ಕೊಡು."

"ನನ್ನ ಮನೇಲಿ ಯಾಕಾಗುತ್ತೆ ದೊಡ್ಡಪ್ಪಾ?"

"ನನ್ನ ಮನೇಲಿ ಆಗ್ಲಿಲ್ವಾ? ಮಾತು ಕೊಡು."

"ಆಯ್ತು," ಎಂದ ಸೆತೆಫಾನೋ. ಗಡ್ಡೆಗಳನ್ನು ಬುಟ್ಟಿಗೆ ತುಂಬಿಕೊಂಡು ಎದ್ದ. ಹೊರಡುವಾಗ ಒಂದು ಗಳಿಗೆ ತಡೆದು, ಮುಖ ಅತ್ತ ಮಾಡಿಕೊಂಡೇ, "ದೊಡ್ಡಮ್ಮಾ, ಬಿಸಿಲು ಜಾಸ್ತಿಯಾಯ್ತು, ಬೇಗ ಬನ್ನಿ," ಎಂದು ಹೋದ.

ತಲಿತಾ ಗಂಡನ ಪಕ್ಕ ಬಂದು ಕಲ್ಲಿನ ಮೇಲೆ ಕೂತಳು. ಅವತ್ತು ಹುಲ್ಲಿನ ಮೇಲೆ ಅವನು ಅವಳನ್ನು ಕ್ಷಮಿಸಿದ್ದು ತಪ್ಪಿತಸ್ಥಳೆಂದು ನಂಬಿ. ಇವತ್ತು ಅವಳು ಚೊಕ್ಕ ಚಿನ್ನವೆಂದು ತಿಳಿದೂ, ಅವಳೇ ಬೆಳೆಸಿದ ಹುಡುಗನ ಮುಂದೆ ತಪ್ಪಿತಸ್ಥಳೆಂದು ಹೇಳಿ, ಆ ಭಾರದ ಒಂದು ತುದಿಯನ್ನು ತನ್ನ ಹೆಗಲಿಗೆ ತೆಗೆದುಕೊಂಡಿದ್ದ.

"ಒಳ್ಳೇ ಸುಳ್ಳು ಹೇಳ್ದೆ ಮುದುಕಾ," ಎಂದಳು ಕಡೆಗೆ.

"ನಿನ್ನಿಂದಾನೇ ಕಲ್ತಿದ್ದು." ಅವನು ದಂಟು ಕತ್ತರಿಸುವ ಚೂರಿಯನ್ನು ಮತ್ತೆ ಕೈಗೆತ್ತಿಕೊಂಡ. ಎರಡು ದಂಟು ಕತ್ತರಿಸಿ, ಕಣ್ಣಂಚಿನಲ್ಲೇ ಅವಳನ್ನು ನೋಡಿದ. "ನಿಜ ಹೇಳು. ಆ ಹುಡುಗ ನಿನ್ನ ಕಡೆ ಒಂದ್ಸಲಾನೂ ನೋಡ್ಲಿಲ್ವಾ?"

"ನೋಡ್ತಿದ್ದ, ತಟ್ಟೆ ಖಾಲಿಯಾದಾಗ."

"ಹಾಗೆ ನೋಡಿದ್ರೂ ನಂಗೆ ಸಹಿಸೋಕಾಗಲ್ಲ," ಎಂದ ಫಲಾನಿಕೋ. ಅವನು ತಮಾಷೆ ಮಾಡುತ್ತಿರಲಿಲ್ಲ.